ಮಾಳಿಗೆ ಮೇಲೆ ಹಸಿರುಮನೆ

ಪ್ರಶ್ನೆ: ಮಾಳಿಗೆ ಮೇಲೆ ಸಣ್ಣದೊಂದು ಪ್ಲಾಸ್ಟಿಕ್ ಹಸಿರುಮನೆ ಕಟ್ಟಿಸಿ ಟೊಮೆಟೊ, ಕೊತ್ತಂಬರಿ ಬೆಳೆಯುವ ಆಸೆ. ಎಂಥದು ತರಲಿ?
– ಗೃಹಿಣಿ, ರಾಯಚೂರು

ಉತ್ತರ: ಅಕ್ಕಾ, ಪ್ಲಾಸ್ಟಿಕ್ ಬೇಡವೇ ಬೇಡ. ಅದು ಚಳಿ ಊರಿನವರು ಬಿಸಿ ಹಿಡಿದಿಡಲು ಕಟ್ಟಿಕೊಂಡದ್ದು. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ಒಳಗಿನ ಸಸಿ ಬೆಂದೇ ಹೋಗುತ್ತದೆ. ಅಂಗಡಿಯಲ್ಲಿ ಶೇಡ್ ನೆಟ್ (ನೆರಳಿನ ಬಲೆ) ಕೇಳಿ, ಅರ್ಧ ಬಿಸಿಲು ತಡೆಯುವ 50 ಪರ್ಸೆಂಟಿನದು. 75ರದು ತಂದರೆ ಟೊಮೆಟೊ ಸುಮ್ನೆ ಉದ್ದಕ್ಕೆ ಬೆಳೆಯುತ್ತದೆ, ಕಾಯಿ ಕಮ್ಮಿ.

ಚೌಕಟ್ಟಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಒಳ್ಳೆಯದು. ಕಂಬ ನಿಲ್ಲಿಸಲು ಮಾತ್ರ ಮಾಳಿಗೆ ಕೊರೆಸಬೇಡಿ, ಮಳೆಗಾಲದಲ್ಲಿ ಸೋರುತ್ತದೆ. ಹಳೆ ಪೇಂಟ್ ಡಬ್ಬಿಯಲ್ಲಿ ಪೈಪ್ ನಿಲ್ಲಿಸಿ ಕಾಂಕ್ರೀಟ್ ತುಂಬಿಸಿ. ಮೇಲಿಂದ ಪ್ಯಾರಾಪೆಟ್ಟಿಗೂ ತಂತಿಯಿಂದ ಬಿಗಿಯಿರಿ. ಪಡುವಣ ಬದಿ ನೆಟ್ ಕೆಳಗಿನವರೆಗೂ ಇಳಿಯಲಿ, ಮಧ್ಯಾಹ್ನದ ಮೇಲೆ ಬಿಸಿಲು ಹೊಡೆಯುವುದು ಅಲ್ಲಿಂದಲೇ ಅಲ್ವಾ? ಗಾಳಿಯೂ ಅಲ್ಲಿಂದಲೇ ಜಾಸ್ತಿ. ಹಾಗಾಗಿ ನೆಟ್‌ನ ಅಂಚು ಎರಡು ಸಲ ಮಡಚಿ ಹೊಲಿಸಿ, ಆಮೇಲೆ ಕಟ್ಟಿ. ಬರೀ ತೂತಿಗೆ ದಾರ ಪೋಣಿಸಿದರೆ ಹರಿಯುತ್ತದೆ.

ಏಪ್ರಿಲ್, ಮೇನಲ್ಲಿ ನೆಟ್ ಇದ್ದರೂ ಟೊಮೆಟೊ ಹೂ ಉದುರಿಸುತ್ತದೆ. ಸೆಪ್ಟೆಂಬರಿನಲ್ಲಿ ಸಸಿ ಹಚ್ಚಿ, ಚಳಿಗಾಲದಲ್ಲಿ ಮೇಲಿನ ನೆಟ್ ಸರಿಸಿಬಿಡಿ. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದ ಉಜ್ಜಿ, ಎರಡು ಹೋಳು ಮಾಡಿ ಬಿತ್ತಿ.