ಹಿಂದಿನ ದಿನಗಳು ನಿಜಕ್ಕೂ ಅಷ್ಟು ಚೆನ್ನಾಗಿದ್ದವೇ?

ಈ ಸಂಚಿಕೆಗಾಗಿ ಆರಿಸಿಕೊಂಡ ನಾಲ್ಕು ಪತ್ರಗಳು ಬೇರೆ ಬೇರೆ ಸಂದರ್ಭಗಳಲ್ಲಿ ಹುಟ್ಟಿದವು. ಆದರೂ ಕಳೆದುಹೋದ ಕಾಲದ ಬಗ್ಗೆ ನಮ್ಮ ಮನಸ್ಸು ಹೇಳುವುದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಒಂದೇ ಸಂಗತಿಯನ್ನು ಅವು ಕೇಳುತ್ತಿವೆ. ಹಾಗಾಗಿ ಅವುಗಳಿಗೆ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನಗೆ ಐವತ್ತು ದಾಟಿದೆ. ವಿದ್ಯಾರ್ಥಿನಿಲಯದಲ್ಲಿದ್ದ ವರ್ಷಗಳೇ ನನ್ನ ಬದುಕಿನ ಅತ್ಯಂತ ಸುಖದ ಕಾಲವೆಂದು ಮನೆಯವರಿಗೂ ಗೆಳೆಯರಿಗೂ ಹೇಳುತ್ತಲೇ ಬಂದಿದ್ದೇನೆ. ಈಚೆಗೆ ಹಳೆಯ ಪೆಟ್ಟಿಗೆಯಲ್ಲಿ ಆ ಕಾಲದ ನನ್ನ ದಿನಚರಿ ಸಿಕ್ಕಿತು. ಓದಿದರೆ ಪುಟ ಪುಟದಲ್ಲೂ ಒಂಟಿತನ, ಪರೀಕ್ಷೆಯ ಭಯ, ಮುಂದೇನು ಎಂಬ ಚಿಂತೆ. ಇಷ್ಟು ವರ್ಷ ನನಗೆ ನಾನೇ ಸುಳ್ಳು ಹೇಳಿಕೊಂಡೆನೇ? ದಿನಚರಿಯನ್ನು ನಂಬಬೇಕೋ, ನೆನಪನ್ನು ನಂಬಬೇಕೋ ತಿಳಿಯದಾಗಿದೆ.

ಉತ್ತರ: ನೀವು ಸುಳ್ಳು ಹೇಳಿಲ್ಲ. ಸುಳ್ಳು ಹೇಳುವವನಿಗೆ ನಿಜ ಏನೆಂಬುದು ಗೊತ್ತಿರುತ್ತದೆ. ನಿಮಗಾದರೋ ದಿನಚರಿ ಕೈಗೆ ಸಿಗುವವರೆಗೆ ಅದರ ಸುಳಿವೇ ಇರಲಿಲ್ಲ. ನೆನಪು ಎಂದರೆ ಎಲ್ಲೋ ಭದ್ರವಾಗಿಟ್ಟ ಕಾಗದವನ್ನು ತೆಗೆದು ಓದುವ ಕೆಲಸವಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುವ ಕೆಲಸ ಎಂಬುದನ್ನು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಷ್ಟು ಹಿಂದೆಯೇ ತೋರಿಸಿದ್ದರು. ಅಪರಿಚಿತ ಕಥೆಯೊಂದನ್ನು ಓದಿಸಿ, ಮತ್ತೆ ಮತ್ತೆ ನೆನಪಿನಿಂದ ಹೇಳಿಸಿದಾಗ, ಓದಿದವರು ತಮಗೆ ಅರ್ಥವಾಗದ ಭಾಗಗಳನ್ನು ಬಿಟ್ಟುಬಿಟ್ಟರು, ಉಳಿದುದನ್ನು ತಮಗೆ ಪರಿಚಿತವಾದ ರೀತಿಗೆ ಹೊಂದಿಸಿಕೊಂಡರು. ಅವರಲ್ಲಿ ಯಾರಿಗೂ ಮೋಸ ಮಾಡುವ ಉದ್ದೇಶವಿರಲಿಲ್ಲ.

ಹೀಗೆ ಕಟ್ಟುವಾಗ ಮನಸ್ಸು ಸಾಮಾನ್ಯವಾಗಿ ಒಳ್ಳೆಯದರ ಕಡೆಗೆ ವಾಲುತ್ತದೆ. ಟೆರೆನ್ಸ್ ಮಿಚೆಲ್, ಲೀ ಥಾಂಪ್ಸನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದೀರ್ಘ ಸೈಕಲ್ ಪ್ರವಾಸ ಹೊರಟಿದ್ದ ವಿದ್ಯಾರ್ಥಿಗಳೂ ಸೇರಿದಂತೆ ಹಲವರನ್ನು ಪ್ರವಾಸಕ್ಕೆ ಮುಂಚೆ, ಪ್ರವಾಸದ ನಡುವೆ ಮತ್ತು ಅದು ಮುಗಿದ ಮೇಲೆ ಪ್ರಶ್ನಿಸಿದ್ದರು. ನಡುವೆ ಕೇಳಿದಾಗ ಬೇಸರ ಮತ್ತು ನಿರಾಸೆಯ ಮಾತು ಸಾಕಷ್ಟಿದ್ದವು. ಮುಗಿದ ಕೆಲವೇ ದಿನಗಳಲ್ಲಿ ಅದೇ ಪ್ರವಾಸದ ಬಗ್ಗೆ ಅವರ ಅಭಿಪ್ರಾಯ ಅನುಭವಿಸಿದ್ದಕ್ಕಿಂತ ಹಿತವಾಗಿತ್ತು. ಕೆಲವೇ ದಿನಗಳಲ್ಲಿ ಇಷ್ಟಾದರೆ ಮೂರು ದಶಕಗಳಲ್ಲಿ ಎಷ್ಟಾಗಬಹುದು ಎಂಬುದನ್ನು ನೀವೇ ಊಹಿಸಿಕೊಳ್ಳಬಹುದು. ಅಹಿತ ಘಟನೆಗಳಿಗೆ ಅಂಟಿಕೊಂಡ ಭಾವನೆ ಹಿತ ಘಟನೆಗಳ ಭಾವನೆಗಿಂತ ಬೇಗ ಮಾಸುತ್ತದೆ ಎಂಬುದು ಇನ್ನೊಂದು ಕಾರಣ. ಹಲವಾರು ಸಂಶೋಧನೆಗಳು ಇದನ್ನು ಮತ್ತೆ ಮತ್ತೆ ಕಂಡಿವೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ ಎಂಬ ಸಂಗತಿ ನಿಮಗೆ ನೆನಪಿರಬಹುದು, ಆದರೆ ಆ ರಾತ್ರಿ ಎದೆಯಲ್ಲಿ ಕೂತಿದ್ದ ಭಾರ ಇವತ್ತು ಮತ್ತೆ ಬಂದು ಕೂರುವುದಿಲ್ಲ. ಖಿನ್ನತೆಯತ್ತ ಒಲವಿರುವವರಲ್ಲಿ ಈ ವ್ಯತ್ಯಾಸ ಕಡಿಮೆ ಇರುತ್ತದೆ ಎಂಬುದನ್ನು ನೋಡಿದರೆ, ನೋವು ಹೀಗೆ ಮಾಸುವುದು ನಮಗೆ ಬದುಕಲು ಬೇಕಾದ ಅನುಕೂಲವೇ ಹೊರತು ಕೊರತೆಯಲ್ಲ ಎಂದು ನನಗನ್ನಿಸುತ್ತದೆ.

ಇವೆಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುವ ಸಂಗತಿ ಬೇರೆಯೇ ಇದೆ, ಮತ್ತು ಅದಕ್ಕೆ ಪ್ರಯೋಗಶಾಲೆಯ ಅಗತ್ಯವಿಲ್ಲ. ವಿದ್ಯಾರ್ಥಿನಿಲಯದ ಆ ಹುಡುಗನಿಗೆ ತಾನು ತೇರ್ಗಡೆಯಾಗುತ್ತೇನೋ ಇಲ್ಲವೋ, ಕೆಲಸ ಸಿಗುತ್ತದೋ ಇಲ್ಲವೋ, ಪಕ್ಕದ ಕೋಣೆಯವನು ಕೊನೆಯವರೆಗೆ ಗೆಳೆಯನಾಗಿ ಉಳಿಯುತ್ತಾನೋ ಇಲ್ಲವೋ ಒಂದೂ ಗೊತ್ತಿರಲಿಲ್ಲ. ನಿಮಗೆ ಅದೆಲ್ಲವೂ ಗೊತ್ತಿದೆ. ಅವನ ಚಿಂತೆಯ ಬಹುಪಾಲು ಹುಟ್ಟಿದ್ದೇ ಆ ಗೊತ್ತಿಲ್ಲದಿರುವಿಕೆಯಿಂದ. ಫಲಿತಾಂಶ ತಿಳಿದ ಮೇಲೆ ಹಿಂತಿರುಗಿ ನೋಡುವವನ ಕಣ್ಣಿಗೆ ಆ ಚಿಂತೆ ಕಾಣುವುದು ಸಾಧ್ಯವೇ ಇಲ್ಲ. ಇವತ್ತಿನ ನಿಮ್ಮ ದಿನಗಳಿಗಾದರೋ ಇನ್ನೂ ನಾಳೆ ಇದೆ, ಆ ನಾಳೆ ಹೇಗಿರುತ್ತದೆಂದು ತಿಳಿದಿಲ್ಲ. ಮುಗಿದು, ಫಲಿತಾಂಶ ಗೊತ್ತಾಗಿರುವ ಕಾಲವನ್ನು ಇನ್ನೂ ಮುಗಿಯದ ಕಾಲದ ಜೊತೆಗಿಟ್ಟು ತೂಗಿದರೆ ಮೊದಲನೆಯದು ಗೆಲ್ಲದೆ ಇರುವುದು ಹೇಗೆ? ನೆನಪು ತಪ್ಪು ಹೇಳುತ್ತದೆ ಎನ್ನುವುದಕ್ಕಿಂತ, ನಾವು ನಡೆಸುವ ಹೋಲಿಕೆಯೇ ಸಮವಲ್ಲ ಎನ್ನುವುದು ಹೆಚ್ಚು ಸರಿ.

ಇನ್ನು ದಿನಚರಿಯ ವಿಷಯ. ಅದನ್ನೂ ಪೂರ್ತಿ ನಂಬಬೇಡಿ. ಮನಸ್ಸು ಕಲಕಿದ ರಾತ್ರಿ ದಿನಚರಿ ತೆರೆಯುವವರು ಗೆಳೆಯರೊಡನೆ ನಕ್ಕು ನಕ್ಕು ಸುಸ್ತಾದ ರಾತ್ರಿ ಅದನ್ನು ಮುಟ್ಟುವುದಿಲ್ಲ. ಆಗಿನ ಭಯ ಎಷ್ಟಿತ್ತೆಂಬುದಕ್ಕೆ ದಿನಚರಿಯೇ ಒಳ್ಳೆಯ ದಾಖಲೆ. ಆ ಭಯದ ನಡುವೆಯೂ ಏನನ್ನು ಗಳಿಸಿದಿರಿ ಎಂಬುದನ್ನು ಹೇಳಲು ನಿಮ್ಮ ನೆನಪಿಗೂ ಅರ್ಹತೆಯಿದೆ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಿ. ಮನೆಯಲ್ಲಿ ಈಗ ಆ ವಯಸ್ಸಿನ ಮಕ್ಕಳಿದ್ದರೆ, ಅವರಿಗೆ 'ಇದೇ ನಿಮ್ಮ ಸುಖದ ಕಾಲ' ಎಂದು ಹೇಳುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ಅವರು ಈಗ ಬದುಕುತ್ತಿರುವುದು ನಿಮ್ಮ ದಿನಚರಿಯನ್ನು, ನಿಮ್ಮ ನೆನಪನ್ನಲ್ಲ.

ಪ್ರಶ್ನೆ: ಹಿಂದೆ ಜನರಲ್ಲಿ ಪ್ರಾಮಾಣಿಕತೆ ಇತ್ತು, ಪರಸ್ಪರ ನಂಬಿಕೆ ಇತ್ತು, ಈಗ ಎಲ್ಲವೂ ಕೆಟ್ಟುಹೋಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. 'ದೂರದ ಬೆಟ್ಟ ನುಣ್ಣಗೆ' ಎಂದು ನನ್ನ ಮಗಳು ನನ್ನನ್ನು ಸುಮ್ಮನಾಗಿಸುತ್ತಾಳೆ. ಇಬ್ಬರಲ್ಲಿ ಯಾರು ಸರಿ?

ಉತ್ತರ: ಪ್ರಾಮಾಣಿಕತೆಯ ವಿಷಯದಲ್ಲಿ ನಿಮ್ಮ ಮಗಳ ಕಡೆಗೆ ಪುರಾವೆ ಹೆಚ್ಚಿದೆ. ಆಡಂ ಮಾಸ್ಟ್ರೊಯಾನಿ ಮತ್ತು ಡೇನಿಯಲ್ ಗಿಲ್ಬರ್ಟ್ ಎಂಬ ಸಂಶೋಧಕರು 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡರು. ಜನರ ನೈತಿಕತೆ ಕುಸಿಯುತ್ತಿದೆ ಎಂಬ ನಂಬಿಕೆ ಕನಿಷ್ಠ 60 ದೇಶಗಳಲ್ಲಿ, ಕನಿಷ್ಠ 70 ವರ್ಷಗಳಿಂದ ಇದೆ ಎಂದು ಅವರು ಹಳೆಯ ಸಮೀಕ್ಷೆಗಳನ್ನು ಒಟ್ಟುಗೂಡಿಸಿ ತೋರಿಸಿದರು. ಆದರೆ ಆಯಾ ಕಾಲದವರನ್ನು 'ನಿಮ್ಮ ಸುತ್ತಲಿನ ಜನ ಈಗ ಹೇಗೆ ನಡೆದುಕೊಳ್ಳುತ್ತಿದ್ದಾರೆ' ಎಂದು ಕೇಳಿದ ಸಮೀಕ್ಷೆಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿದರೆ ಉತ್ತರಗಳಲ್ಲಿ ಅಂಥ ಕುಸಿತವೇ ಕಾಣಲಿಲ್ಲ. ನೀವು ಮೆಚ್ಚಿ ನೆನೆಯುವ ಆ ದಶಕದಲ್ಲೇ ಆಗಿನ ಹಿರಿಯರು, ಕಾಲ ಕೆಟ್ಟಿತೆಂದು ಇದೇ ಮಾತನ್ನು ಆಡುತ್ತಿದ್ದರು ಎಂದರ್ಥ.

ಈ ಭಾವನೆ ಇಷ್ಟು ಗಟ್ಟಿಯಾಗಿ ನಿಲ್ಲುವುದಕ್ಕೆ ರಿಚರ್ಡ್ ಐಬಾಕ್ ಮತ್ತು ಸಂಗಡಿಗರು 2003ರಲ್ಲಿ ಮುಂದಿಟ್ಟ ವಿವರಣೆ ನನಗೆ ಬಹಳ ಸರಿಯೆನಿಸುತ್ತದೆ. ನಮ್ಮಲ್ಲಿ ಆದ ಬದಲಾವಣೆಯನ್ನು ನಾವು ಲೋಕದಲ್ಲಿ ಆದ ಬದಲಾವಣೆ ಎಂದು ತಿಳಿಯುತ್ತೇವೆ. ಮಗು ಹುಟ್ಟಿದ ಮೇಲೆ ತಂದೆತಾಯಿಗೆ ಲೋಕ ಹೆಚ್ಚು ಅಪಾಯಕಾರಿಯಾಗಿ ಕಾಣುತ್ತದೆ. ಅಪಾಯವೇನೂ ಹೆಚ್ಚಿರುವುದಿಲ್ಲ, ಅದನ್ನು ಗಮನಿಸುವ ಜವಾಬ್ದಾರಿ ಅವರಿಗೆ ಹೊಸದಾಗಿ ಬಂದಿರುತ್ತದೆ. ಬಾಲ್ಯದಲ್ಲಿ ನಿಮಗೆ ಎಲ್ಲರೂ ಪ್ರಾಮಾಣಿಕರಾಗಿ ಕಂಡಿದ್ದರೆ, ಅಪ್ರಾಮಾಣಿಕರೊಡನೆ ವ್ಯವಹರಿಸುವ ಕಷ್ಟವನ್ನು ಆಗ ನಿಮ್ಮ ಪರವಾಗಿ ಬೇರೆ ಯಾರೋ ಹೊತ್ತಿದ್ದರು ಎಂಬುದೂ ಅದಕ್ಕೆ ಕಾರಣವಿರಬಹುದು.

ಲೆಕ್ಕಕ್ಕೆ ಸಿಗುವ ಕೆಲವು ಸಂಗತಿಗಳನ್ನೂ ಹೇಳಬೇಕು. ಜಗತ್ತಿನಲ್ಲಿ 1990ರಲ್ಲಿ ಹುಟ್ಟುತ್ತಿದ್ದ ಪ್ರತಿ 1000 ಮಕ್ಕಳಲ್ಲಿ ಸುಮಾರು 93 ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. 2022ರ ಹೊತ್ತಿಗೆ ಆ ಸಂಖ್ಯೆ ಸುಮಾರು 37ಕ್ಕೆ ಇಳಿಯಿತು. ಸಿಡುಬು ಭೂಮಿಯಿಂದಲೇ ತೊಲಗಿದೆಯೆಂದು ಘೋಷಣೆಯಾದದ್ದು 1980ರಲ್ಲಿ. ಹಿಂದಿನ ಕಾಲವನ್ನು ನೆನೆದು ಸಂತೋಷಪಡುವವರೆಲ್ಲ ಆ ಕಾಲವನ್ನು ದಾಟಿ ಬದುಕುಳಿದವರು. ದಾಟದೇ ಹೋದವರಿಗೆ ಅದರ ಬಗ್ಗೆ ಏನನ್ನೂ ಹೇಳುವ ಅವಕಾಶ ಸಿಗಲಿಲ್ಲ.

ಆದರೆ ನಿಮ್ಮ ಮಗಳಿಗೂ ಒಂದು ಮಾತನ್ನು ಹೇಳಬೇಕಾಗಿದೆ. ಹಿರಿಯರು ನಷ್ಟದ ಮಾತೆತ್ತಿದಾಗಲೆಲ್ಲ ಗಾದೆಯೊಂದನ್ನು ಹೇಳಿ ತಳ್ಳಿಹಾಕುವುದು ನ್ಯಾಯವಲ್ಲ, ಏಕೆಂದರೆ ಕೆಲವು ನಷ್ಟಗಳು ನಿಜ. ಮೀನುಗಾರಿಕೆಯನ್ನು ಅಧ್ಯಯನ ಮಾಡುವ ಡೇನಿಯಲ್ ಪೌಲಿ 1995ರಲ್ಲಿ ಬರೆದ ಪುಟ್ಟ ಲೇಖನವೊಂದರಲ್ಲಿ, ಪ್ರತಿ ತಲೆಮಾರಿನ ವಿಜ್ಞಾನಿಗಳೂ ತಾವು ವೃತ್ತಿ ಆರಂಭಿಸಿದಾಗ ಸಮುದ್ರದಲ್ಲಿ ಎಷ್ಟು ಮೀನಿತ್ತೋ ಅದನ್ನೇ ಸಹಜವೆಂದು ಭಾವಿಸುತ್ತಾರೆ, ಹಾಗಾಗಿ ಅದಕ್ಕೂ ಮುಂಚಿನ ಸಮೃದ್ಧಿ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ ಎಂದು ಎಚ್ಚರಿಸಿದ್ದರು. ಇಲ್ಲಿ ಮರೆವು ಎದುರು ದಿಕ್ಕಿನಲ್ಲಿ ಕೆಲಸ ಮಾಡುತ್ತಿದೆ: ಕಳೆದುಕೊಂಡದ್ದನ್ನು ಹೆಚ್ಚಿಸಿ ಹೇಳುವ ಬದಲು ಕಳೆದುಕೊಂಡೆವು ಎಂಬುದನ್ನೇ ಅಳಿಸುತ್ತಿದೆ. ಅಂಥ ಕಡೆ ಹಿರಿಯರ ನೆನಪು ಬೆಲೆಬಾಳುವ ದಾಖಲೆ. ಆದ್ದರಿಂದ 'ಕಾಲ ಕೆಟ್ಟಿತು' ಎಂಬಷ್ಟಕ್ಕೇ ನಿಲ್ಲಿಸದೆ, ಯಾವುದು ಕೆಟ್ಟಿತು, ಯಾವಾಗಿನಿಂದ, ಯಾರ ಪಾಲಿಗೆ ಎಂದು ಮುಂದುವರಿದು ಹೇಳಿ. ಆಗ ಇಬ್ಬರೂ ಕೂತು ಪರಿಶೀಲಿಸುವುದಕ್ಕೆ ಏನಾದರೂ ಸಿಗುತ್ತದೆ.

ಪ್ರಶ್ನೆ: ದೀರ್ಘಕಾಲದ ಸಂಬಂಧವೊಂದನ್ನು ನಾನೇ ಮುಂದಾಗಿ ಕಡಿದುಕೊಂಡೆ. ಅವರು ನನ್ನನ್ನು ಎಲ್ಲರೆದುರು ಹೀಯಾಳಿಸುತ್ತಿದ್ದರು, ನನ್ನ ಯಾವ ಮಾತಿಗೂ ಬೆಲೆ ಕೊಡುತ್ತಿರಲಿಲ್ಲ. ಈಗ ಒಬ್ಬಳೇ ಇದ್ದೇನೆ. ಆಶ್ಚರ್ಯವೆಂದರೆ ನೆನಪಾಗುವುದೆಲ್ಲ ಒಳ್ಳೆಯದೇ. ಅವಸರಪಟ್ಟೆನೇನೋ ಎಂಬ ಅನುಮಾನ ಕಾಡುತ್ತಿದೆ. ಅವರು ಮತ್ತೆ ಬರಲು ಹೇಳುತ್ತಿದ್ದಾರೆ.

ಉತ್ತರ: ನಿಮ್ಮ ಪತ್ರವನ್ನು ಕಳವಳದಿಂದಲೇ ಓದಿದೆ. ಈಗ ಒಳ್ಳೆಯದೇ ನೆನಪಾಗುತ್ತಿರುವುದು ನಿಮ್ಮ ನಿರ್ಧಾರ ತಪ್ಪಾಗಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಅವಮಾನದ ನೋವು ಮಾಸಿದೆ, ಅಷ್ಟೇ. ಅವಮಾನ ನಡೆಯಲೇ ಇಲ್ಲವೆಂದಾಗಲೀ ಇನ್ನು ನಡೆಯುವುದಿಲ್ಲವೆಂದಾಗಲೀ ಆಗುವುದಿಲ್ಲ. ಟಿಮ್ ವಿಲ್ಡ್‌ಶಟ್, ಕಾನ್‌ಸ್ಟಂಟೈನ್ ಸೆಡಿಕೀಡಿಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಹಳೆಯ ದಿನಗಳಿಗಾಗಿ ಹಂಬಲಿಸುವಂತೆ ಮಾಡುವ ಕಾರಣಗಳಲ್ಲಿ ಕುಗ್ಗಿದ ಮನಸ್ಥಿತಿ, ಅದರಲ್ಲೂ ಒಂಟಿತನ, ಎದ್ದು ಕಂಡಿತು. ಅಂದರೆ ಹಂಬಲ ಹುಟ್ಟುತ್ತಿರುವುದು ಇವತ್ತಿನ ಖಾಲಿತನದಲ್ಲಿ, ಅಂದಿನ ಸುಖದಲ್ಲಲ್ಲ. ನಿಮಗೆ ಜೊತೆ ಬೇಕಾಗಿದೆ ಎಂದು ಅದು ಹೇಳುತ್ತಿದ್ದರೆ ಆ ಮಾತನ್ನು ಪೂರ್ತಿ ನಂಬಿ. ಆ ಜೊತೆ ಇದೇ ವ್ಯಕ್ತಿಯದಾಗಿರಬೇಕು ಎಂಬ ಮುಂದಿನ ಮಾತನ್ನು ಮಾತ್ರ ಪರೀಕ್ಷಿಸದೆ ಒಪ್ಪಬೇಡಿ.

ಪರೀಕ್ಷಿಸುವುದು ಹೇಗೆ? ನೆನಪು ಸಾಮಾನ್ಯವಾಗಿ ಅಪರೂಪದ ದಿನಗಳನ್ನು ಮುಂದೆ ತರುತ್ತದೆ: ಅವರು ಅತ್ಯಂತ ಪ್ರೀತಿಯಿಂದಿದ್ದ ಸಂಜೆ, ಎಲ್ಲವೂ ಸರಿಹೋಯಿತೆಂದು ಅನಿಸಿದ ಪ್ರವಾಸ. ಅದನ್ನು ಬಿಟ್ಟು, ವಿಶೇಷವೇನೂ ಇಲ್ಲದ ಒಂದು ವಾರದ ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಹಂತಹಂತವಾಗಿ ಬರೆಯಲು ಪ್ರಯತ್ನಿಸಿ. ಬೆಳಿಗ್ಗೆ ಎದ್ದಾಗ ಅವರ ಮುಖಭಾವ ಏನಿರಬಹುದೆಂದು ಅಂಜುತ್ತಿದ್ದಿರಾ? ಮಾತಾಡುವ ಮುಂಚೆ ಎಷ್ಟು ಸಲ ಯೋಚಿಸುತ್ತಿದ್ದಿರಿ? ಆಗ ಗೆಳತಿಯರಿಗೆ ಕಳುಹಿಸಿದ ಸಂದೇಶಗಳು ಉಳಿದಿದ್ದರೆ ಓದಿ. ಆ ಕಾಲದಲ್ಲಿ ನಿಮ್ಮ ಹತ್ತಿರವಿದ್ದ, ನಿಮ್ಮ ಹಿತ ಬಯಸುವ ಒಬ್ಬರನ್ನು 'ಆಗ ನಾನು ಹೇಗಿದ್ದೆ' ಎಂದು ಕೇಳಿ. ಮತ್ತೆ ಬರಲು ಹೇಳುತ್ತಿರುವ ಆ ವ್ಯಕ್ತಿ ಬದಲಾಗಿದ್ದಾರೆಯೇ ಎಂಬ ಪ್ರಶ್ನೆಗೆ ಉತ್ತರ ಅವರ ಈಗಿನ ನಡತೆಯಲ್ಲಿ ಸಿಗಬೇಕೇ ಹೊರತು ನಿಮ್ಮ ನೆನಪಿನಲ್ಲಿ ಸಿಗುವುದಿಲ್ಲ. ಹೀಯಾಳಿಸುವುದರ ಜೊತೆಗೆ ಬೆದರಿಕೆಯೋ ಹಲ್ಲೆಯೋ ಇದ್ದಿದ್ದರೆ, ನಂಬಿಕೆಯ ಒಬ್ಬರಿಗೆ ಅಥವಾ ಆಪ್ತಸಮಾಲೋಚಕರಿಗೆ ತಿಳಿಸದೆ ಅವರನ್ನು ಒಬ್ಬರೇ ಭೇಟಿಯಾಗಲೂಬೇಡಿ. ಮತ್ತು ಯಾವ ಉತ್ತರವನ್ನೂ ಒಂಟಿತನ ಹೆಚ್ಚು ಕಾಡುವ ಹೊತ್ತಿನಲ್ಲಿ ಕಳುಹಿಸಬೇಡಿ.

ಪ್ರಶ್ನೆ: ವಯಸ್ಸಾದ ನನ್ನ ತಂದೆ ದಿನವಿಡೀ ಹಳೆಯ ಕಥೆಗಳನ್ನೇ ಹೇಳುತ್ತಾರೆ, ಪ್ರತಿ ಸಲ ಸ್ವಲ್ಪ ಬಣ್ಣ ಹೆಚ್ಚಾಗಿರುತ್ತದೆ. ತಿದ್ದಬೇಕೇ? ಇದು ಕಾಯಿಲೆಯ ಲಕ್ಷಣವೇ?

ಉತ್ತರ: ಬರೀ ಹಳೆಯದನ್ನು ನೆನೆಯುವುದು ಕಾಯಿಲೆಯಲ್ಲ. ಒಂದು ಕಾಲದಲ್ಲಿ ಹಾಗೆ ತಿಳಿದದ್ದುಂಟು. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಬಾಸೆಲ್‌ನಲ್ಲಿ ಮಂಡಿಸಿದ ಪ್ರಬಂಧದಲ್ಲಿ ಮನೆಯ ಹಂಬಲವನ್ನು ರೋಗವೆಂದೇ ವಿವರಿಸಿದ್ದರು. ಆದರೆ ಬದುಕಿನ ಕೊನೆಯ ಭಾಗದಲ್ಲಿ ಹಿಂದಿನದನ್ನು ಮತ್ತೆ ಮತ್ತೆ ತಿರುವಿ ನೋಡುವುದು ಸಹಜವೆಂದೂ, ಅದು ಮನಸ್ಸು ತನ್ನ ಲೆಕ್ಕಗಳನ್ನು ಹೊಂದಿಸಿಕೊಳ್ಳುವ ಬಗೆಯೆಂದೂ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ವಾದಿಸಿದರು. ಇಂದು ಬೆಳಿಗ್ಗೆ ನಡೆದುದನ್ನು ಅವರು ಪದೇಪದೇ ಮರೆಯುತ್ತಿದ್ದರೆ, ಪರಿಚಿತ ದಾರಿ ತಪ್ಪುತ್ತಿದ್ದರೆ, ಅದು ಬೇರೆ ವಿಷಯ. ಆಗ ವೈದ್ಯರಿಗೆ ತೋರಿಸಿ.

ಉಳಿದಂತೆ ತಿದ್ದಬೇಡಿ. ಆ ಕಥೆಯ ಮೇಲೆ ಈಗ ಯಾವುದಾದರೂ ದೊಡ್ಡ ನಿರ್ಧಾರ ನಿಂತಿದ್ದರೆ ಮಾತ್ರ ನಿಜವನ್ನು ಬೇರೆ ಕಡೆಯಿಂದ ಖಚಿತಪಡಿಸಿಕೊಳ್ಳಿ. ಇಲ್ಲವಾದರೆ ಅವರು ಬಿಟ್ಟುಹೋದುದನ್ನು ಕೇಳಿ: ಆಗ ನಿಮಗೆ ಭಯವಾಗಲಿಲ್ಲವೇ, ಯಾರು ಜೊತೆಗಿದ್ದರು, ಮರುದಿನ ಏನು ಮಾಡಿದಿರಿ. ಹೀಗೆ ಕೇಳಿದಾಗ ಎಷ್ಟೋ ಸಲ ಬಣ್ಣ ತಾನಾಗಿ ತೆಳುವಾಗುತ್ತದೆ, ಅದುವರೆಗೆ ಹೇಳದಿದ್ದ ಕಷ್ಟದ ಮಾತೂ ಹೊರಗೆ ಬರುತ್ತದೆ.