ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ನಾಲ್ಕು ಸಾವಿರದೊಳಗೆ ವೈರ್ಡ್ ಕಂಟ್ರೋಲರ್: ಕೊಳ್ಳುವ ಮುನ್ನ ಏನು ನೋಡಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಮನೆಯಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಸ್ (ಟಿವಿಗೆ ಜೋಡಿಸಿ ಆಡುವ ಮೈಕ್ರೋಸಾಫ್ಟ್‌ನ ಗೇಮ್ ಕನ್ಸೋಲ್) ಇದೆ, ಅದರೊಡನೆ ಬಂದ ಕಂಟ್ರೋಲರ್ ಒಂದೇ ಇದೆ, ತಮ್ಮನ ಜೊತೆ ಕೂತು ಕ್ರಿಕೆಟ್, ಫುಟ್‌ಬಾಲ್ ಆಡಲು ಇನ್ನೊಂದು ಬೇಕು. ಖರ್ಚು ನಾಲ್ಕು ಸಾವಿರ ದಾಟಬಾರದು, ವೈರ್ ಇದ್ದರೆ ತೊಂದರೆಯಿಲ್ಲ. ಆದರೆ ಆನ್‌ಲೈನ್‌ನಲ್ಲಿ ಸಾವಿರ, ಒಂದೂವರೆ ಸಾವಿರಕ್ಕೇ ಎಕ್ಸ್‌ಬಾಕ್ಸ್ ಕಂಟ್ರೋಲರ್‌ನ ಹಾಗೆಯೇ ಕಾಣುವ ಗೇಮ್‌ಪ್ಯಾಡ್‌ಗಳು ಸಿಗುತ್ತಿರುವಾಗ ದುಪ್ಪಟ್ಟು ಹಣ ಕೊಡುವುದೇಕೆ ಎಂಬ ಅನುಮಾನ ನಿಮ್ಮದು.

ಆ ಒಂದೂವರೆ ಸಾವಿರದ್ದು ನಿಮ್ಮ ಕನ್ಸೋಲ್‌ನಲ್ಲಿ ಬಹುತೇಕ ನಡೆಯುವುದೇ ಇಲ್ಲ. ಇದನ್ನು ನಾನು ಹಣ ಕಳೆದುಕೊಂಡೇ ಕಲಿತವನು. ಎರಡು ವರ್ಷದ ಹಿಂದೆ ಅಕ್ಕನ ಮಗ ರಜೆಗೆ ಬರುತ್ತಾನೆಂದು ಅವಸರದಲ್ಲಿ ಒಂದು ಅಂಗಡಿಗೆ ಹೋಗಿ, "ಎಕ್ಸ್‌ಬಾಕ್ಸ್‌ಗೆ ಆಗುತ್ತದೆಯೇ?" ಎಂದು ಕೇಳಿದೆ. "ಎಲ್ಲದಕ್ಕೂ ಆಗುತ್ತೆ ಸಾರ್" ಎಂದರು. ಮನೆಗೆ ತಂದು ಸಿಕ್ಕಿಸಿದರೆ ಕಂಟ್ರೋಲರ್‌ನ ದೀಪವೇನೋ ಹತ್ತಿತು. ತೆರೆಯ ಮೇಲೆ ಮಾತ್ರ ಯಾವ ಗುಂಡಿಗೂ ಪ್ರತಿಕ್ರಿಯೆಯಿಲ್ಲ. ಡಬ್ಬಿಯನ್ನು ಮತ್ತೆ ತಿರುಗಿಸಿ ನೋಡಿದಾಗ ಮೂಲೆಯಲ್ಲಿ ಪಿಸಿ, ಆಂಡ್ರಾಯ್ಡ್, ಪಿಎಸ್3 ಎಂದು ಸಣ್ಣ ಅಕ್ಷರದಲ್ಲಿ ಮುದ್ರಿಸಿದ್ದರು. ಎಕ್ಸ್‌ಬಾಕ್ಸ್ ಎಂಬ ಹೆಸರು ಎಲ್ಲಿಯೂ ಇರಲಿಲ್ಲ. ದೀಪ ಹತ್ತುವುದಕ್ಕೆ ಯುಎಸ್‌ಬಿಯ ವಿದ್ಯುತ್ತಷ್ಟೇ ಸಾಕು ಎಂಬುದು ನನಗೆ ಆಮೇಲೆ ಹೊಳೆಯಿತು.

ಕಾರಣ ಸರಳವಾಗಿದೆ. ಎಕ್ಸ್‌ಬಾಕ್ಸ್ ಒನ್ ಬಂದ ಮೇಲಿನ ಕನ್ಸೋಲ್‌ಗಳು ಸಿಕ್ಕಿಸಿದ ಕಂಟ್ರೋಲರ್ ಅಧಿಕೃತವೇ ಎಂದು ಪರಿಶೀಲಿಸಿದ ನಂತರವೇ ಅದರ ಮಾತು ಕೇಳುತ್ತವೆ. ಅದಕ್ಕೂ ಹಿಂದಿನ ಎಕ್ಸ್‌ಬಾಕ್ಸ್ 360ರ ಕಾಲದ ಅಸಲಿ ವೈರ್ಡ್ ಕಂಟ್ರೋಲರ್ ಕೂಡ ಸೀರೀಸ್ ಎಸ್‌ನಲ್ಲಿ ನಡೆಯುವುದಿಲ್ಲ. ಅದರ ನಕಲಿನಂತಿರುವ ಪಿಸಿ ಗೇಮ್‌ಪ್ಯಾಡ್‌ನಿಂದ ಏನನ್ನು ನಿರೀಕ್ಷಿಸುವುದು? ಕೆಲವು ಕಂಪನಿಗಳು ಮೈಕ್ರೋಸಾಫ್ಟ್‌ನ ಪರವಾನಗಿ ಪಡೆಯದೆಯೇ ಈ ಪರಿಶೀಲನೆಯನ್ನು ಹೇಗೋ ದಾಟಿಸಿ ಮಾರುತ್ತಿದ್ದವು, ಅವು ಬಹಳ ಕಾಲ ನಡೆದವು ಕೂಡ. 2023ರ ಅಕ್ಟೋಬರ್ ಕೊನೆಯ ಹೊತ್ತಿಗೆ ಅಂಥ ಉಪಕರಣಗಳನ್ನು ಸಿಕ್ಕಿಸಿದವರಿಗೆ ತೆರೆಯ ಮೇಲೆ ಎಚ್ಚರಿಕೆ ಬರತೊಡಗಿತು, ನವೆಂಬರ್ 12ರಿಂದ ಅವುಗಳನ್ನು ತಡೆಯಲಾಗುವುದೆಂದು ಅದರಲ್ಲಿತ್ತು. ಹಾಗಾಗಿ ಹಳೆಯ ವಿಮರ್ಶೆಯೊಂದರಲ್ಲಿ "ಎಕ್ಸ್‌ಬಾಕ್ಸ್‌ನಲ್ಲಿ ಚೆನ್ನಾಗಿ ನಡೆಯುತ್ತದೆ" ಎಂದು ಯಾರಾದರೂ ಬರೆದಿದ್ದರೆ, ಆ ವಿಮರ್ಶೆಯ ತಾರೀಕನ್ನು ಮೊದಲು ನೋಡಿ.

ಆದ್ದರಿಂದ ಡಬ್ಬಿಯ ಮೇಲೆ "ಡಿಸೈನ್ಡ್ ಫಾರ್ ಎಕ್ಸ್‌ಬಾಕ್ಸ್" ಎಂಬ ಮುದ್ರೆ ಇದೆಯೇ ಎಂಬುದೇ ಮೊದಲ ಪರೀಕ್ಷೆ. ಉಳಿದೆಲ್ಲ ಅದರ ನಂತರದ್ದು. ಇಲ್ಲಿ ಇನ್ನೊಂದು ಬಲೆ ಇದೆ: ಒಂದೇ ಕಂಪನಿ ಹೆಚ್ಚುಕಡಿಮೆ ಒಂದೇ ಹೆಸರಿನಲ್ಲಿ, ಒಂದೇ ಆಕಾರದಲ್ಲಿ, ಎಕ್ಸ್‌ಬಾಕ್ಸ್‌ಗೆ ಆಗುವುದನ್ನೂ ಆಗದಿರುವುದನ್ನೂ ಮಾರುತ್ತದೆ. ಗೇಮ್‌ಸರ್ ಕಂಪನಿಯ ಜಿ7 ಎಸ್ಇ ಎಕ್ಸ್‌ಬಾಕ್ಸ್‌ಗೆ ಪರವಾನಗಿ ಪಡೆದದ್ದು. ಅದೇ ಕಂಪನಿಯ ಟಿ4 ಕೆಲೈಡ್ ಸಹ ವೈರ್ ಇರುವುದೇ, ನೋಡಲು ಅದಕ್ಕಿಂತ ಮಿರಮಿರ ಮಿಂಚುತ್ತದೆ, ಆದರೆ ಅದು ಪಿಸಿ ಮತ್ತು ನಿಂಟೆಂಡೊ ಸ್ವಿಚ್‌ಗೆಂದು ಮಾಡಿದ್ದು. ಏಟ್‌ಬಿಟ್‌ಡೂ ಕಂಪನಿಯ "ಅಲ್ಟಿಮೇಟ್" ಸರಣಿಯಲ್ಲಂತೂ ಈ ಗೊಂದಲ ಇನ್ನೂ ಹೆಚ್ಚು: "ಅಲ್ಟಿಮೇಟ್ ವೈರ್ಡ್ ಫಾರ್ ಎಕ್ಸ್‌ಬಾಕ್ಸ್" ಬೇರೆ, "ಅಲ್ಟಿಮೇಟ್ ಸಿ ವೈರ್ಡ್" ಬೇರೆ. ಬೆಲೆಯಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ ರಿಯಾಯಿತಿ ಸಿಕ್ಕಿತೆಂದು ಹಿಗ್ಗುವ ಮೊದಲು ಹೆಸರನ್ನು ಅಕ್ಷರ ಬಿಡದೆ ಓದಿ.

ಎರಡನೆಯ ವಿಷಯ ಸ್ಟಿಕ್‌ಗಳದ್ದು, ಅಂದರೆ ಹೆಬ್ಬೆರಳಿನಿಂದ ಎಲ್ಲ ದಿಕ್ಕಿಗೂ ವಾಲಿಸುವ ಪುಟ್ಟ ಕಡ್ಡಿಗಳದ್ದು. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕಂಟ್ರೋಲರ್‌ಗಳು ಸಾಮಾನ್ಯವಾಗಿ ಕೈಕೊಡುವುದು ಇಲ್ಲಿಯೇ. ಡ್ರಿಫ್ಟ್ (ಮುಟ್ಟದಿದ್ದರೂ ಸ್ಟಿಕ್ ವಾಲಿದಂತೆ ಕನ್ಸೋಲ್‌ಗೆ ಕಾಣುವ ದೋಷ) ಬಂದ ನನ್ನ ಹಳೆಯ ಕಂಟ್ರೋಲರ್ ಒಂದನ್ನು ಹೇಗೂ ಎಸೆಯುವುದಿದೆಯಲ್ಲ ಎಂದು ಒಂದು ಭಾನುವಾರ ಬಿಚ್ಚಿ ನೋಡಿದೆ. ಸ್ಟಿಕ್‌ನ ಬುಡದಲ್ಲಿ ಬೆಂಕಿಪೊಟ್ಟಣದ ಅರ್ಧದಷ್ಟೂ ಇಲ್ಲದ ಒಂದು ಪೆಟ್ಟಿಗೆ, ಅದರ ಎರಡು ಪಕ್ಕಗಳಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಮುಚ್ಚಳಗಳು: ಒಂದು ಎಡ-ಬಲಕ್ಕೆ, ಇನ್ನೊಂದು ಮೇಲೆ-ಕೆಳಕ್ಕೆ. ಮುಚ್ಚಳವನ್ನು ಉಗುರಿನಿಂದ ಮೀಟಿದರೆ ಒಳಗೆ ಕಪ್ಪು ಇಂಗಾಲದ ಲೇಪವಿರುವ ಒಂದು ಕಮಾನು, ಅದರ ಮೇಲೆ ಸವರಿಕೊಂಡು ಹೋಗುವ ಕೂದಲೆಳೆಯಂಥ ಲೋಹದ ಬೆರಳುಗಳು. ಸ್ಟಿಕ್ ಎಷ್ಟು ವಾಲಿದೆ ಎಂಬುದು ಆ ಬೆರಳು ಕಮಾನಿನ ಯಾವ ಜಾಗದಲ್ಲಿದೆ ಎಂಬುದರಿಂದ ಗೊತ್ತಾಗುತ್ತದೆ. ಇದು ಪೊಟೆನ್ಷಿಯೊಮೀಟರ್, ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿಯಲ್ಲಿದ್ದದ್ದೂ ಇದೇ ತತ್ತ್ವ. ನನ್ನದರಲ್ಲಿ ಕಮಾನಿನ ನಡುಭಾಗ ಸವೆದು ಬೂದುಬಣ್ಣಕ್ಕೆ ತಿರುಗಿತ್ತು, ಅಂಚಿನಲ್ಲಿ ಕಾಡಿಗೆಯಂಥ ಪುಡಿ ಕೂತಿತ್ತು. ಸ್ಟಿಕ್ ಹೆಚ್ಚು ಹೊತ್ತು ಇರುವುದು ನಡುವಿನಲ್ಲೇ ಆದ್ದರಿಂದ ಸವೆತವೂ ಅಲ್ಲೇ ಜಾಸ್ತಿ. ಬೆರಳು ಮುಟ್ಟದಿದ್ದರೂ ಫೀಲ್ಡರ್ ತನ್ನಷ್ಟಕ್ಕೆ ತಾನು ಬೌಂಡರಿಯ ಕಡೆಗೆ ನಡೆಯತೊಡಗುವುದು ಇದರಿಂದಲೇ. ರೇಡಿಯೊದ ಹಳೆಯ ವಾಲ್ಯೂಮ್ ಗುಂಡಿ ತಿರುಗಿಸಿದಾಗ ಕರಕರ ಎನ್ನುತ್ತಿದ್ದುದು ನೆನಪಿದೆಯೇ? ಅದಕ್ಕೂ ಇದಕ್ಕೂ ಮೂಲ ಒಂದೇ.

ಹಾಲ್ ಎಫೆಕ್ಟ್ ಸ್ಟಿಕ್‌ಗಳಲ್ಲಿ ಈ ಉಜ್ಜಾಟವೇ ಇಲ್ಲ. ಸ್ಟಿಕ್‌ಗೆ ಒಂದು ಪುಟ್ಟ ಅಯಸ್ಕಾಂತ ಅಂಟಿಸಿರುತ್ತಾರೆ, ಅದು ವಾಲಿದಾಗ ಕಾಂತಕ್ಷೇತ್ರದಲ್ಲಾಗುವ ಬದಲಾವಣೆಯನ್ನು ಒಂದು ಸಂವೇದಕ ಮುಟ್ಟದೆಯೇ ಅಳೆಯುತ್ತದೆ. ಎಡ್ವಿನ್ ಹಾಲ್ ಎಂಬ ಅಮೆರಿಕದ ಭೌತವಿಜ್ಞಾನಿ 1879ರಲ್ಲಿ ಕಂಡುಕೊಂಡ ವಿದ್ಯಮಾನವಿದು (ನಮ್ಮ ಮನೆಯ ಹಾಲ್‌ಗೂ ಇದಕ್ಕೂ ಸಂಬಂಧವಿಲ್ಲ). ಇದನ್ನು ಹೊಚ್ಚ ಹೊಸ ತಂತ್ರಜ್ಞಾನವೆಂದು ಜಾಹೀರಾತುಗಳು ಕೊಂಡಾಡಿದರೂ, ಸೆಗಾ ಕಂಪನಿ 1998ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಡ್ರೀಮ್‌ಕಾಸ್ಟ್‌ನ ಕಂಟ್ರೋಲರ್‌ನಲ್ಲಿಯೇ ಇದು ಇತ್ತು. ಹಾಗೆಂದು ಹಾಲ್ ಎಫೆಕ್ಟ್ ಇದ್ದರೆ ಸ್ಟಿಕ್ ಎಂದೂ ಕೆಡುವುದಿಲ್ಲ ಎಂದು ತಿಳಿಯಬೇಡಿ. ಸ್ಟಿಕ್ಕನ್ನು ನಡುವಿಗೆ ಮರಳಿಸುವ ಸ್ಪ್ರಿಂಗ್ ಅದರಲ್ಲಿಯೂ ಸಡಿಲವಾಗಬಹುದು, ಕ್ಯಾಲಿಬ್ರೇಷನ್ (ನಡು ಯಾವುದು, ಅಂಚು ಯಾವುದು ಎಂಬ ಲೆಕ್ಕ) ತಪ್ಪಬಹುದು. ಆದರೆ ಇಂಗಾಲದ ಪಟ್ಟಿ ಸವೆದು ಬರುವ ಡ್ರಿಫ್ಟ್ ಮಾತ್ರ ಬರುವುದಿಲ್ಲ, ಕ್ಯಾಲಿಬ್ರೇಷನ್ ತಪ್ಪಿದರೆ ಅದನ್ನು ಮನೆಯಲ್ಲಿಯೇ ಸರಿಪಡಿಸಿಕೊಳ್ಳಬಹುದು.

ಈ ಎರಡು ಜರಡಿಯಲ್ಲಿ ಸೋಸಿದರೆ ನನ್ನ ಮೊದಲ ಆಯ್ಕೆ ಗೇಮ್‌ಸರ್ ಜಿ7 ಎಸ್ಇ. ಅಮೆರಿಕದಲ್ಲಿ ಸುಮಾರು 45 ಡಾಲರ್ ಬೆಲೆಗೆ ಬಂದ ಕಂಟ್ರೋಲರ್ ಇದು. ಸ್ಟಿಕ್ ಮತ್ತು ಟ್ರಿಗರ್ (ತೋರುಬೆರಳಿನಿಂದ ಒತ್ತುವ ಗುಂಡಿ) ಎರಡರಲ್ಲಿಯೂ ಹಾಲ್ ಎಫೆಕ್ಟ್ ಇದೆ, ಬೆನ್ನಿಗೆ ಎರಡು ಹೆಚ್ಚುವರಿ ಗುಂಡಿಗಳಿವೆ, ಕೇಬಲ್ ಬಿಡಿಸಿ ತೆಗೆಯಬಹುದು. ನಮ್ಮಲ್ಲಿ ಇದರ ಬೆಲೆ ಮಾರುವವರನ್ನು ಅವಲಂಬಿಸಿ ನಿಮ್ಮ ಮಿತಿಯ ಆಚೀಚೆ ಓಲಾಡುತ್ತಿರುತ್ತದೆ, ಆದ್ದರಿಂದ ಹಬ್ಬದ ಮಾರಾಟದ ತನಕ ಕಾಯುವುದಾದರೆ ಕಾಯಿರಿ. ಅದು ಸಿಗದಿದ್ದರೆ ಹೈಪರ್‌ಎಕ್ಸ್ ಕ್ಲಚ್ ಗ್ಲಾಡಿಯೇಟ್ ಅಥವಾ ಪವರ್‌ಎ ಕಂಪನಿಯ ಎನ್‌ಹಾನ್ಸ್ಡ್ ವೈರ್ಡ್ ನೋಡಬಹುದು. ಎರಡೂ ಪರವಾನಗಿ ಪಡೆದವು, ಎರಡಕ್ಕೂ ಬೆನ್ನುಗುಂಡಿಗಳಿವೆ. ವಾರಕ್ಕೆ ಎರಡು ಸಂಜೆ ಆಡುವ ಮನೆಗೆ ಅವೂ ಸಾಕು.

ಇನ್ನು ಕೇಬಲ್. ಡಬ್ಬಿಯ ಮೇಲೆ 3 ಮೀಟರ್ ಎಂದಿದ್ದರೆ ನಮ್ಮ ಮನೆಗಳ ಹಾಲ್‌ಗೆ ಅದು ಸಾಲುತ್ತದೆ. ಅದಕ್ಕಿಂತ ಗಿಡ್ಡವಾಗಿದ್ದರೆ ಸೋಫಾ ಬಿಟ್ಟು ಚಾಪೆಯ ಮೇಲೆ ಕೂರಬೇಕಾಗುತ್ತದೆ. ಆರ್ಡರ್ ಮಾಡುವ ಮುನ್ನ ಟೇಪಿನಲ್ಲಿ ಅಳೆಯಿರಿ. ಟಿವಿ ಸ್ಟ್ಯಾಂಡಿನಿಂದ ಕೂರುವ ಜಾಗಕ್ಕೆ ನೇರವಾಗಿ ಅಳೆದರೆ ಸಾಲದು, ಕೇಬಲ್ ನೆಲಕ್ಕಿಳಿದು ಮತ್ತೆ ತೊಡೆಯವರೆಗೆ ಏರಬೇಕಲ್ಲ, ಅದನ್ನೂ ಸೇರಿಸಿ. ಸೀರೀಸ್ ಎಸ್‌ನ ತೂಕ ಎರಡು ಕಿಲೋಗೂ ಕಡಿಮೆ. ನಮ್ಮ ಮನೆಯಲ್ಲಿ ಒಮ್ಮೆ ಅಮ್ಮ ಕಾಫಿ ಲೋಟಗಳ ತಟ್ಟೆ ಹಿಡಿದು ಬರುವಾಗ ಕೇಬಲ್ ಕಾಲಿಗೆ ತೊಡರಿ, ಕನ್ಸೋಲ್ ಸ್ಟ್ಯಾಂಡಿನ ಅಂಚಿನ ತನಕ ಜಾರಿ ಬಂದಿತ್ತು. ಕಾಫಿ ಉಳಿಯಿತು, ಕನ್ಸೋಲೂ ಉಳಿಯಿತು, ಬೈಗುಳ ಮಾತ್ರ ಪೂರ್ತಿ ಸಿಕ್ಕಿತು. ಎಕ್ಸ್‌ಬಾಕ್ಸ್ 360ರ ವೈರ್ಡ್ ಕಂಟ್ರೋಲರ್‌ಗಳಲ್ಲಿ ಎಳೆದರೆ ನಡುವಿನಲ್ಲೇ ಕಳಚಿಕೊಳ್ಳುವ ಜೋಡಣೆಯಿತ್ತು, ಈಗಿನವುಗಳಲ್ಲಿ ಅದನ್ನು ಕಾಣುವುದು ಅಪರೂಪ. ಅದಕ್ಕೇ ಕಂಟ್ರೋಲರ್ ಕಡೆಯಲ್ಲಿ ಬಿಡಿಸಬಹುದಾದ ಕೇಬಲ್ ಇರುವುದನ್ನೇ ನಾನು ಸೂಚಿಸುತ್ತೇನೆ. ಜೋರಾಗಿ ಎಳೆದರೆ ಅಲ್ಲಿಂದ ಕಳಚಿಕೊಳ್ಳುವ ಸಾಧ್ಯತೆಯಿದೆ, ಮೇಲಾಗಿ ವೈರ್ ಕತ್ತಿನ ಹತ್ತಿರ ಮುರಿದರೆ ಕೇಬಲ್ ಒಂದನ್ನೇ ಬದಲಿಸಬಹುದು. ಬದಲಿ ಕೇಬಲ್ ಕೊಳ್ಳುವಾಗ ಬರೀ ಚಾರ್ಜಿಂಗ್‌ಗೆಂದು ಮಾಡಿದ್ದನ್ನು ತರಬೇಡಿ, ಅದರಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ.

3.5 ಮಿಲಿಮೀಟರ್ ಹೆಡ್‌ಫೋನ್ ಕಿಂಡಿ ಇದೆಯೇ ನೋಡಿ. ಎಕ್ಸ್‌ಬಾಕ್ಸ್ ಬ್ಲೂಟೂತ್ ಹೆಡ್‌ಫೋನ್‌ಗಳನ್ನು ಸ್ವೀಕರಿಸುವುದಿಲ್ಲವಾದ್ದರಿಂದ ರಾತ್ರಿ ಮನೆಯವರು ಮಲಗಿದ ಮೇಲೆ ಆಡಲು ಇದೇ ಸುಲಭದ ದಾರಿ. ಬಣ್ಣಬಣ್ಣದ ದೀಪಗಳಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

"ವೈರ್ ಇದ್ದರೆ ಲ್ಯಾಗ್ (ಗುಂಡಿ ಒತ್ತಿದ್ದು ತೆರೆಯ ಮೇಲೆ ಕಾಣುವಲ್ಲಿ ಆಗುವ ತಡ) ಇರುವುದಿಲ್ಲ" ಎಂಬುದನ್ನು ಮಾರುವವರು ದೊಡ್ಡದು ಮಾಡಿ ಹೇಳುತ್ತಾರೆ. ಕೂತು ಕ್ರಿಕೆಟ್ ಆಡುವ ಇಬ್ಬರಿಗೆ ಆ ವ್ಯತ್ಯಾಸ ಕೈಗೆ ತಿಳಿಯುವಂಥದ್ದಲ್ಲ. ಟಿವಿಯಲ್ಲಿ ಗೇಮ್ ಮೋಡ್ (ಈ ತಡ ತಗ್ಗಿಸುವ ಸೆಟ್ಟಿಂಗ್) ಹಾಕಿಕೊಂಡರೆ ಅದಕ್ಕಿಂತ ಎಷ್ಟೋ ಹೆಚ್ಚು ಲಾಭವಾಗುತ್ತದೆ. ವೈರ್‌ನ ನಿಜವಾದ ಅನುಕೂಲವೆಂದರೆ ಸೆಲ್‌ಗಳ ಖರ್ಚು ತಪ್ಪುವುದು. ಅಂದ ಹಾಗೆ, ನಿಮ್ಮ ಕನ್ಸೋಲ್ ಜೊತೆ ಬಂದ ಮೈಕ್ರೋಸಾಫ್ಟ್‌ನ ವೈರ್‌ಲೆಸ್ ಕಂಟ್ರೋಲರ್ ಕೂಡ ಟೈಪ್-ಸಿ ಕೇಬಲ್ ಸಿಕ್ಕಿಸಿದರೆ ಸೆಲ್ ಇಲ್ಲದೆಯೇ ನಡೆಯುತ್ತದೆ. ಹಾಗಾಗಿ ಮಾರಾಟದ ದಿನಗಳಲ್ಲಿ ಅದರ ಬೆಲೆ ಇಳಿದು ನಿಮ್ಮ ಮಿತಿಯ ಹತ್ತಿರ ಬಂದರೆ ಅದನ್ನೂ ಒಂದು ವೈರ್ಡ್ ಕಂಟ್ರೋಲರ್ ಎಂದೇ ಲೆಕ್ಕಕ್ಕೆ ಹಿಡಿಯಿರಿ. ಅದರ ಸ್ಟಿಕ್‌ಗಳು ಪೊಟೆನ್ಷಿಯೊಮೀಟರ್‌ನವೇ ಎಂಬುದು ನೆನಪಿರಲಿ. ಸೆಕೆಂಡ್‌ಹ್ಯಾಂಡ್ ಆದರೆ ಕೈಯಲ್ಲಿ ಹಿಡಿದು ಪರೀಕ್ಷಿಸದೆ ಕೊಳ್ಳಬೇಡಿ.

ಇದೇ ಪ್ರಶ್ನೆಯೊಡನೆ ಪಿಎಸ್5 (ಸೋನಿಯ ಪ್ಲೇಸ್ಟೇಷನ್ 5 ಕನ್ಸೋಲ್) ಇರುವವರು ಇಲ್ಲಿಗೆ ಬಂದಿದ್ದರೆ ಅವರಿಗೊಂದು ಮಾತು: ಪಿಎಸ್4ಗೆ ಮಾಡಿದ ಕಡಿಮೆ ಬೆಲೆಯ ಕಂಟ್ರೋಲರ್ ಪಿಎಸ್5ನಲ್ಲಿ ಪಿಎಸ್4ರ ಆಟಗಳಿಗೆ ಮಾತ್ರ ಒದಗುತ್ತದೆ, ಪಿಎಸ್5ರ ಆಟಗಳಿಗಲ್ಲ. ಅಲ್ಲಿ ಅಗ್ಗದ ವೈರ್ಡ್ ದಾರಿ ಇಷ್ಟು ಸಲೀಸಾಗಿಲ್ಲ.

ಕೊಳ್ಳುವಾಗ ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ, ಡಬ್ಬಿಯ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರುವ ಚೀಟಿ ಇದೆಯೇ ನೋಡಿ. ಆಮದಾದ ಸರಕಿನ ಪೊಟ್ಟಣದ ಮೇಲೆ ಇವು ಇರಲೇಬೇಕೆಂಬ ನಿಯಮವಿದೆ. ಚೀಟಿಯೇ ಇಲ್ಲದಿದ್ದರೆ ನಾಳೆ ವಾರಂಟಿ ಕೇಳಲು ಯಾರ ಬಾಗಿಲು ತಟ್ಟುತ್ತೀರಿ? ಮನೆಗೆ ಬಂದ ದಿನವೇ ಮೊದಲು ಕನ್ಸೋಲ್‌ಗೆ ಸಿಕ್ಕಿಸಿ, ಕಂಟ್ರೋಲರನ್ನು ಮೇಜಿನ ಮೇಲಿಟ್ಟು, ಐದು ನಿಮಿಷ ಯಾರೂ ಮುಟ್ಟದೆ ಮೆನುವನ್ನು ಗಮನಿಸಿ. ಆಯ್ಕೆಯ ಚೌಕ ತಾನಾಗಿ ಸರಿಯಬಾರದು. ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಕಂಟ್ರೋಲರನ್ನು ಅದಕ್ಕೆ ಸಿಕ್ಕಿಸಿ, ರನ್ ಪೆಟ್ಟಿಗೆಯಲ್ಲಿ (ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿದರೆ ತೆರೆಯುವುದು) "ಜಾಯ್ ಡಾಟ್ ಸಿಪಿಎಲ್" ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಡಾಟ್ ಎಂಬಲ್ಲಿ ಚುಕ್ಕಿ ಹಾಕಿ ಟೈಪ್ ಮಾಡಿ. ತೆರೆಯುವ ಪಟ್ಟಿಯಲ್ಲಿ ಕಂಟ್ರೋಲರ್ ಆರಿಸಿ ಪ್ರಾಪರ್ಟೀಸ್ ಒತ್ತಿದರೆ ಒಂದು ಚೌಕದೊಳಗೆ ಪುಟ್ಟ ಕೂಡುಚಿಹ್ನೆ ಕಾಣುತ್ತದೆ. ಸ್ಟಿಕ್ಕನ್ನು ಒಂದು ಬದಿಗೆ ಪೂರ್ತಿ ತಳ್ಳಿ ತಟ್ಟನೆ ಬಿಡಿ, ನಾಲ್ಕೂ ದಿಕ್ಕಿಗೆ ಹತ್ತು ಹತ್ತು ಸಲ. ಪ್ರತಿ ಸಲವೂ ಆ ಚಿಹ್ನೆ ನಡುವಿಗೇ ಮರಳಬೇಕು. ಒಂದೊಂದು ಸಲ ಒಂದೊಂದು ಕಡೆ ನಿಂತರೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಡಬ್ಬಿಗೆ ತುಂಬಿ ವಾಪಸು ಕಳಿಸಿ.