ಆತಿಥೇಯರೇ ಹಿಂದೆ ಸರಿದರೆ ಪಂದ್ಯಾವಳಿ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ದೊಡ್ಡ ಅಂತರರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯನ್ನು ನಡೆಸಬೇಕಾದ ದೇಶ ಹಿಂದೆ ಸರಿದರೆ ಅಥವಾ ಅದರ ಕೈಯಿಂದ ಆತಿಥ್ಯವನ್ನು ವಾಪಸ್ ಪಡೆದರೆ, ಬದಲಿ ದೇಶವನ್ನು ಹೇಗೆ ಹುಡುಕುತ್ತಾರೆ? ಒಳ್ಳೆಯ ಕ್ರೀಡಾಂಗಣಗಳಿರುವ ಯಾವ ದೇಶವಾದರೂ ಆದೀತೇ?

ಉತ್ತರ: ಕ್ರೀಡಾಂಗಣಗಳಿಲ್ಲದೆ ಮಾತೇ ಮುಂದುವರಿಯುವುದಿಲ್ಲ, ನಿಜ. ಆದರೆ ಇದುವರೆಗೆ ಆಗಿರುವ ಬದಲಾವಣೆಗಳನ್ನು ಒಂದೊಂದಾಗಿ ನೋಡಿದರೆ, ಹುಡುಕಾಟ ಬಹುಮಟ್ಟಿಗೆ ಒಂದೇ ಬಗೆಯ ಮನೆಬಾಗಿಲಿಗೆ ಹೋಗಿ ನಿಂತಿರುವುದು ಕಾಣುತ್ತದೆ. ಇಂಥದೇ ಟೂರ್ನಿಯನ್ನು ಹಿಂದೆ ನಡೆಸಿ, ಅದಕ್ಕಾಗಿ ಕಟ್ಟಿದ್ದನ್ನೂ ಕಲಿತದ್ದನ್ನೂ ಇನ್ನೂ ಉಳಿಸಿಕೊಂಡಿರುವ ದೇಶದ ಬಾಗಿಲು ಅದು.

1986ರ ವಿಶ್ವಕಪ್ಪನ್ನೇ ನೋಡಿ. 1974ರಲ್ಲಿ ಫಿಫಾ ಅದನ್ನು ಕೊಲಂಬಿಯಾಕ್ಕೆ ವಹಿಸಿಕೊಟ್ಟಾಗ ವಿಶ್ವಕಪ್ ಎಂದರೆ 16 ತಂಡಗಳ ಟೂರ್ನಿ. 1982ರ ಹೊತ್ತಿಗೆ ತಂಡಗಳ ಸಂಖ್ಯೆ 24ಕ್ಕೆ ಏರಿತು. ಆ ದೇಶ ಒಪ್ಪಿಕೊಂಡಿದ್ದ ಹೊರೆ ಒಂದಾದರೆ ಹೊರಬೇಕಾಗಿ ಬಂದದ್ದು ಮತ್ತೊಂದು. 1982ರ ಅಕ್ಟೋಬರ್‌ನಲ್ಲಿ ಕೊಲಂಬಿಯಾದ ಅಧ್ಯಕ್ಷ ಬೆಲಿಸಾರಿಯೊ ಬೆತಾಂಕುರ್ ಅವರು, ದೇಶಕ್ಕೆ ಇದಕ್ಕಿಂತ ಮುಖ್ಯವಾದ ಕೆಲಸಗಳಿವೆಯೆಂದು ಜನರ ಮುಂದೆ ಹೇಳಿ, ಆತಿಥ್ಯದಿಂದ ಹಿಂದೆ ಸರಿದರು. ಅವರ ನಿರ್ಧಾರವನ್ನು ನಾನು ಗೌರವಿಸುತ್ತೇನೆ; ಕೊನೆಯ ಗಳಿಗೆಯವರೆಗೆ ಎಳೆದಾಡದೆ, ಮೂರೂವರೆ ವರ್ಷ ಮೊದಲೇ ಆಗದು ಎಂದು ಹೇಳಿದ್ದರಿಂದ ಬದಲಿ ಏರ್ಪಾಡಿಗೆ ಕಾಲ ಸಿಕ್ಕಿತು. ಅಮೆರಿಕ, ಕೆನಡಾ ಮತ್ತು ಮೆಕ್ಸಿಕೊ ಪೈಪೋಟಿಗೆ ಇಳಿದವು. 1983ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಸಭೆ ಮೆಕ್ಸಿಕೊವನ್ನು ಆರಿಸಿತು. 1970ರ ವಿಶ್ವಕಪ್ ಫೈನಲ್ ನಡೆದಿದ್ದ ಅಜ್ಟೆಕಾ ಕ್ರೀಡಾಂಗಣ ಅಲ್ಲಿ ನಿಂತೇ ಇತ್ತು. 1985ರ ಸೆಪ್ಟೆಂಬರ್ 19ರ ಭೀಕರ ಭೂಕಂಪ ರಾಜಧಾನಿಯಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡರೂ ಕ್ರೀಡಾಂಗಣಗಳಿಗೆ ಹೆಚ್ಚಿನ ಹಾನಿಯಾಗಿರಲಿಲ್ಲ. ಎಂಟು ತಿಂಗಳ ಬಳಿಕ ಟೂರ್ನಿ ನಿಗದಿಯಾದಂತೆ ಆರಂಭವಾಯಿತು. ವಿಶ್ವಕಪ್ಪನ್ನು ಎರಡು ಬಾರಿ ನಡೆಸಿದ ಮೊದಲ ದೇಶವೆಂಬ ಹೆಸರು ಮೆಕ್ಸಿಕೊಗೆ ಬಂದದ್ದು ಹೀಗೆ.

2003ರ ಮಹಿಳಾ ವಿಶ್ವಕಪ್ಪಿನದೂ ಇದೇ ದಾರಿ. ಸಾರ್ಸ್ ಸೋಂಕಿನ ಕಾರಣದಿಂದ ಅದನ್ನು ಚೀನಾದಿಂದ ಸ್ಥಳಾಂತರಿಸಲು ಮೇ ತಿಂಗಳಲ್ಲಿ ತೀರ್ಮಾನವಾದಾಗ ಸ್ವೀಡನ್ ಕೂಡ ಆಸಕ್ತಿ ತೋರಿತ್ತು. ಆದರೆ 1999ರಲ್ಲಿ ಇದೇ ಟೂರ್ನಿಯನ್ನು ನಡೆಸಿದ್ದ ಅಮೆರಿಕಕ್ಕೆ ಅದು ಒಲಿಯಿತು. ಸೆಪ್ಟೆಂಬರ್ 20ಕ್ಕೆ ಪಂದ್ಯಗಳು ಶುರುವಾದವು. ನಡುವೆ ಇದ್ದದ್ದು ನಾಲ್ಕು ತಿಂಗಳಿಗೂ ಕಡಿಮೆ. ಆ ಹೊತ್ತಿಗೆ ಅಮೆರಿಕನ್ ಫುಟ್‌ಬಾಲ್ ಋತು ಶುರುವಾಗಿದ್ದರಿಂದ ದೊಡ್ಡ ಕ್ರೀಡಾಂಗಣಗಳು ಬೇಕಾದಂತೆ ಸಿಗಲಿಲ್ಲ. ಆರೇ ಕ್ರೀಡಾಂಗಣಗಳಲ್ಲಿ, ಒಂದೇ ದಿನ ಒಂದೇ ಅಂಗಳದಲ್ಲಿ ಎರಡೆರಡು ಪಂದ್ಯ ಆಡಿಸಿ ಟೂರ್ನಿಯನ್ನು ಮುಗಿಸಿದರು.

ಎರಡನೆಯ ಅಗತ್ಯ, ಸರ್ಕಾರದ ತಕ್ಷಣದ ಒಪ್ಪಿಗೆ. ತಂಡಗಳಿಗೆ ವೀಸಾ, ಪ್ರಸಾರ ಉಪಕರಣಗಳಿಗೆ ಸುಂಕದ ವಿನಾಯಿತಿ, ಪೊಲೀಸ್ ಬಂದೋಬಸ್ತು, ಆಸ್ಪತ್ರೆಗಳ ಸಿದ್ಧತೆ ಇವೆಲ್ಲ ಫುಟ್‌ಬಾಲ್ ಸಂಸ್ಥೆಯ ಕೈಯಲ್ಲಿರುವ ವಿಷಯಗಳಲ್ಲ. ಸಾಮಾನ್ಯ ಕಾಲದಲ್ಲಿ ವರ್ಷಗಟ್ಟಲೆ ಮಾತುಕತೆಯಾಗಿ ಬರುವ ಈ ಭರವಸೆಗಳನ್ನು ಬದಲಿ ಆತಿಥೇಯರು ಕೆಲವೇ ದಿನಗಳಲ್ಲಿ ಕೊಡಬೇಕಾಗುತ್ತದೆ. ದಕ್ಷಿಣ ಅಮೆರಿಕ ಖಂಡದ ರಾಷ್ಟ್ರೀಯ ತಂಡಗಳ ಟೂರ್ನಿಯಾದ ಕೋಪಾ ಅಮೆರಿಕವನ್ನು 2021ರಲ್ಲಿ ಕೊಲಂಬಿಯಾ ಮತ್ತು ಅರ್ಜೆಂಟೀನಾ ಜಂಟಿಯಾಗಿ ನಡೆಸಬೇಕಿತ್ತು. ಬೀದಿ ಪ್ರತಿಭಟನೆಗಳ ಕಾರಣದಿಂದ ಮೇ 20ರಂದು ಕೊಲಂಬಿಯಾ ಕೈಬಿಟ್ಟುಹೋಯಿತು, ಕೋವಿಡ್ ಉಲ್ಬಣಗೊಂಡಿದ್ದರಿಂದ ಮೇ 30ರಂದು ಅರ್ಜೆಂಟೀನಾವೂ ಹೋಯಿತು. ಮರುದಿನವೇ ಬ್ರೆಜಿಲ್ ಹೆಸರು ಹೊರಬಿತ್ತು. ಜೂನ್ 13ಕ್ಕೆ ಮೊದಲ ಪಂದ್ಯ. ಹದಿಮೂರು ದಿನಗಳು! ಸೋಂಕಿನಿಂದ ಬ್ರೆಜಿಲ್ ಕೂಡ ಆಗ ತತ್ತರಿಸುತ್ತಿತ್ತು. ಟೂರ್ನಿಯನ್ನು ತಡೆಯಬೇಕೆಂಬ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿ, ಆರಂಭಕ್ಕೆ ಮೂರು ದಿನ ಇರುವಾಗ ಅಲ್ಲಿ ಹಸಿರು ನಿಶಾನೆ ಸಿಕ್ಕಿತು. ಈ ಟೂರ್ನಿಯ ಆಯೋಜನೆಗೆ ತಮ್ಮ ವಿರೋಧವಿದೆ, ಆದರೂ ದೇಶದ ಅಂಗಿಗೆ ಬೆನ್ನು ತೋರಿಸುವುದಿಲ್ಲ ಎಂದು ಬ್ರೆಜಿಲ್ ಆಟಗಾರರೇ ಹೇಳಿಕೆ ಕೊಟ್ಟರು. ಕ್ರೀಡಾಂಗಣ, ಹೋಟೆಲು, ಅನುಭವ ಎಲ್ಲವೂ ಸಿದ್ಧವಿದ್ದ ದೇಶಕ್ಕೆ ಹೋಗಿಯೂ ಆ ಟೂರ್ನಿ ನೆಮ್ಮದಿಯಿಂದ ನಡೆಯಲಿಲ್ಲ.

ಎಷ್ಟು ಹಣ ಸುರಿದರೂ ಅವಸರಪಡಿಸಲಾಗದ ಇನ್ನೊಂದು ವಸ್ತು ಇದೆ: ಹುಲ್ಲು. ಹೊಸದಾಗಿ ಹಾಸಿದ ಹುಲ್ಲಿನ ಬೇರು ಮಣ್ಣನ್ನು ಹಿಡಿದುಕೊಳ್ಳಲು ವಾರಗಳೇ ಬೇಕು. ಅಷ್ಟರೊಳಗೆ ಆಟಕ್ಕೆ ಬಿಟ್ಟುಕೊಟ್ಟರೆ, ಓಡುತ್ತಿರುವ ಆಟಗಾರ ತಟ್ಟನೆ ತಿರುಗಿದಾಗ ಬೂಟಿನ ಮೊಳೆಗಳಿಗೆ ಸಿಕ್ಕ ಹುಲ್ಲು ಚಾಪೆಯ ತುಂಡಿನಂತೆ ಕಿತ್ತು ಬರುತ್ತದೆ, ಮೊಣಕಾಲು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ನಗರಗಳು ಕಡಿಮೆಯಿದ್ದಷ್ಟೂ ಒಂದೊಂದು ಅಂಗಳದ ಮೇಲೆ ಪಂದ್ಯಗಳ ಭಾರ ಹೆಚ್ಚು. ರಿಯೊ ನಗರದ ನಿಲ್ಟನ್ ಸಾಂಟೋಸ್ ಕ್ರೀಡಾಂಗಣದ ಹುಲ್ಲುಹಾಸಿನ ಬಗ್ಗೆ 2021ರಲ್ಲಿ ಆತಿಥೇಯ ತಂಡದ ತರಬೇತುದಾರ ಟಿಟೆ ಅವರೇ ಬಹಿರಂಗವಾಗಿ ಆಕ್ಷೇಪಿಸಿದ್ದರು. ಬದಲಿ ದೇಶವನ್ನು ಆರಿಸಲು ಕುಳಿತವರು ಆಸನಗಳ ಸಂಖ್ಯೆಗಿಂತ ಮೊದಲು ನೆಲದ ಸ್ಥಿತಿಯನ್ನು ಕೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಆತಿಥ್ಯ ಕಳೆದುಕೊಂಡ ದೇಶದ ತಂಡ ಆ ಟೂರ್ನಿಯಲ್ಲಿ ಆಡಬಹುದೇ? ಬದಲಿಯಾಗಿ ಬಂದ ದೇಶಕ್ಕೆ ಅರ್ಹತಾ ಸುತ್ತಿಲ್ಲದೆಯೇ ಪ್ರವೇಶ ಸಿಗುವುದು ಸರಿಯೇ?

ಉತ್ತರ: ಎಲ್ಲರಿಗೂ ಅನ್ವಯವಾಗುವ ಒಂದೇ ಪದ್ಧತಿ ಇಲ್ಲಿ ಪಾಲನೆಯಾಗಿಲ್ಲ, ನನಗೆ ನೋವು ತರುವ ಸಂಗತಿಯೂ ಅದೇ. 2003ರಲ್ಲಿ ಚೀನಾ ತಂಡ ತನ್ನ ಸ್ಥಾನವನ್ನು ಉಳಿಸಿಕೊಂಡಿತು, ಜೊತೆಗೆ 2007ರ ಟೂರ್ನಿಯ ಆತಿಥ್ಯವೂ ಆ ದೇಶಕ್ಕೆ ಸಿಕ್ಕಿತು. ರೋಗ ಹರಡಿದ್ದು ಆಟಗಾರ್ತಿಯರ ತಪ್ಪಲ್ಲ ಎಂಬ ತಿಳಿವಳಿಕೆ ಆ ನಿರ್ಧಾರದಲ್ಲಿತ್ತು.

ಅದಕ್ಕೆ ಎದುರಾಗಿ 2015ರ ಆಫ್ರಿಕಾ ಕಪ್ಪನ್ನು ಇಟ್ಟು ನೋಡಿ. ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಬ್ಬಿದ್ದ ಆ ದಿನಗಳಲ್ಲಿ ಟೂರ್ನಿಯನ್ನು ಮುಂದೂಡಬೇಕೆಂದು ಮೊರಾಕೊ ಕೇಳಿಕೊಂಡಿತು, ಆಫ್ರಿಕಾದ ಒಕ್ಕೂಟ ಒಪ್ಪಲಿಲ್ಲ. 2014ರ ನವೆಂಬರ್‌ನಲ್ಲಿ ಆತಿಥ್ಯವೂ ಹೋಯಿತು, ತಂಡವೂ ಹೊರಬಿತ್ತು. ಮುಂದಿನ ಎರಡು ಟೂರ್ನಿಗಳಿಗೂ ಮೊರಾಕೊ ಮೇಲೆ ನಿಷೇಧ ಹೇರಲಾಗಿತ್ತು. ಅದನ್ನು ಕ್ರೀಡಾ ನ್ಯಾಯಮಂಡಳಿ 2015ರ ಏಪ್ರಿಲ್‌ನಲ್ಲಿ ತೆಗೆದುಹಾಕಿ, 10 ಲಕ್ಷ ಡಾಲರ್ ದಂಡವನ್ನು 50,000 ಡಾಲರ್‌ಗೆ ಇಳಿಸಿತು. ಮುಂದೂಡಿಕೆ ಕೇಳಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಕೇಳಿದ್ದಕ್ಕೆ ಆಟಗಾರರು ಐದು ವರ್ಷಗಳ ಬೆಲೆ ತೆರಬೇಕೆನ್ನುವುದು ಮಿತಿಮೀರಿದ ಶಿಕ್ಷೆಯಾಗಿತ್ತು.

ಆ ಟೂರ್ನಿ ಈಕ್ವಟೋರಿಯಲ್ ಗಿನಿ ಎಂಬ ಪುಟ್ಟ ದೇಶಕ್ಕೆ ಹೋಯಿತು. ಘೋಷಣೆ ನವೆಂಬರ್ 14ರಂದು, ಮೊದಲ ಪಂದ್ಯ ಜನವರಿ 17ರಂದು. ಕೈಯಲ್ಲಿದ್ದದ್ದು 64 ದಿನಗಳು. 2012ರಲ್ಲಿ ನೆರೆಯ ಗ್ಯಾಬನ್ ಜೊತೆ ಸೇರಿ ಇದೇ ಕಪ್ಪನ್ನು ನಡೆಸಿದ್ದರಿಂದ ಮಲಾಬೊ ಮತ್ತು ಬಾಟಾ ನಗರಗಳಲ್ಲಿ ಏರ್ಪಾಡುಗಳಿದ್ದವು. ಮೊಂಗೊಮೊ ಮತ್ತು ಎಬೆಬಿಯಿನ್ ಎಂಬ ಸಣ್ಣ ಊರುಗಳನ್ನು ಅವಸರದಲ್ಲಿ ಅಣಿಗೊಳಿಸಬೇಕಾಯಿತು. ಅನರ್ಹ ಆಟಗಾರನನ್ನು ಕಣಕ್ಕಿಳಿಸಿದ್ದಕ್ಕಾಗಿ ಇದೇ ದೇಶದ ತಂಡವನ್ನು ಅದೇ ಟೂರ್ನಿಯ ಅರ್ಹತಾ ಸುತ್ತಿನಿಂದ ಹೊರಹಾಕಲಾಗಿತ್ತು. ಆತಿಥೇಯರೆಂಬ ಕಾರಣಕ್ಕೆ ಮರಳಿ ಬಂದ ಆ ತಂಡ ಸೆಮಿಫೈನಲ್‌ವರೆಗೂ ಹೋಯಿತು.

ಇಪ್ಪತ್ತು ವರ್ಷದೊಳಗಿನವರ 2023ರ ವಿಶ್ವಕಪ್ಪಿನಲ್ಲಿಯೂ ಹೀಗೆಯೇ ಆಯಿತು. ಇಸ್ರೇಲ್ ತಂಡ ಆಡುವುದಕ್ಕೆ ಎದ್ದ ವಿರೋಧದ ನಡುವೆ ಮಾರ್ಚ್ ಕೊನೆಯಲ್ಲಿ ಇಂಡೊನೇಷ್ಯಾದಿಂದ ಆತಿಥ್ಯವನ್ನು ವಾಪಸ್ ಪಡೆದರು. ಬದಲಿ ಆತಿಥ್ಯ ಅರ್ಜೆಂಟೀನಾಕ್ಕೆ ಹೋದದ್ದರಿಂದ, ಅರ್ಹತೆ ಗಳಿಸಲಾಗದೆ ಮನೆಯಲ್ಲಿ ಕುಳಿತಿದ್ದ ಆ ದೇಶದ ಹುಡುಗರಿಗೆ ಆಡುವ ಅವಕಾಶ ಸಿಕ್ಕಿತು, ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ಇಂಡೊನೇಷ್ಯಾದ ಹುಡುಗರ ಸ್ಥಾನ ಹೋಯಿತು. ಇಪ್ಪತ್ತರ ಮಿತಿಯ ಟೂರ್ನಿ ಒಬ್ಬ ಹುಡುಗನ ಪಾಲಿಗೆ ಮತ್ತೆ ಬರುವುದು ತೀರ ಅಪರೂಪ. ಆತಿಥೇಯ ದೇಶ ಬದಲಾದಾಗ, ಆಟಗಾರರ ತಪ್ಪಿಲ್ಲದ ಪಕ್ಷದಲ್ಲಿ, ಹಳೆಯ ಆತಿಥೇಯರ ಸ್ಥಾನವನ್ನು ಉಳಿಸುವ ನಿಯಮ ಬರಲೇಬೇಕು.

ಪ್ರಶ್ನೆ: ಇಷ್ಟೆಲ್ಲ ಅವಸರಪಡುವ ಬದಲು ಟೂರ್ನಿಯನ್ನೇ ಮುಂದೂಡಬಾರದೇಕೆ?

ಉತ್ತರ: ಆಟಗಾರರಿಗೆ ವರ್ಷವಿಡೀ ಸಂಬಳ ಕೊಡುವವರು ಕ್ಲಬ್‌ಗಳು. ರಾಷ್ಟ್ರೀಯ ತಂಡಗಳಿಗೆ ಅವರನ್ನು ಬಿಟ್ಟುಕೊಡಬೇಕಾದ ದಿನಗಳು ಬಹಳ ಮುಂಚೆಯೇ ನಿಗದಿಯಾಗಿರುತ್ತವೆ. ಪ್ರಸಾರ ಹಕ್ಕು ಕೊಂಡವರ ಮತ್ತು ಪ್ರಾಯೋಜಕರ ಒಪ್ಪಂದಗಳೂ ಆ ದಿನಾಂಕಗಳಿಗೇ ಕಟ್ಟುಬಿದ್ದಿರುತ್ತವೆ. ಆದರೂ ಸಾಧ್ಯವೇ ಇಲ್ಲವೆನ್ನುವಂತಿಲ್ಲ. 2023ರ ಏಷ್ಯಾ ಕಪ್ಪಿನಿಂದ ಕೋವಿಡ್ ಕಾರಣಕ್ಕೆ ಚೀನಾ ಹಿಂದೆ ಸರಿದದ್ದು 2022ರ ಮೇ ತಿಂಗಳಲ್ಲಿ. ಅಕ್ಟೋಬರ್‌ನಲ್ಲಿ ಕತಾರ್ ಆಯ್ಕೆಯಾಯಿತು. ಬೇಸಿಗೆಯಲ್ಲಿ ಅಲ್ಲಿ ಆಡಲಾಗದ ಬಿಸಿಲಿರುವುದರಿಂದ ಟೂರ್ನಿ 2024ರ ಜನವರಿಗೆ ಹೋಯಿತು. ವಿಶ್ವಕಪ್ಪಿಗೆ ಬಳಸಿದ ಎಂಟು ಕ್ರೀಡಾಂಗಣಗಳಲ್ಲಿ ಏಳು ಮತ್ತೆ ಕೆಲಸಕ್ಕೆ ಬಂದವು.

ಪ್ರಶ್ನೆ: ಭಾರತಕ್ಕೆ ಇಂಥ ಪರಿಸ್ಥಿತಿ ಬಂದದ್ದುಂಟೇ?

ಉತ್ತರ: ಬಹಳ ಹತ್ತಿರ ಬಂದಿತ್ತು. ಹೊರಗಿನವರ ಹಸ್ತಕ್ಷೇಪದ ಕಾರಣಕ್ಕೆ ಫಿಫಾ 2022ರ ಆಗಸ್ಟ್ ಮಧ್ಯದಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನನ್ನು ಅಮಾನತು ಮಾಡಿದಾಗ, ಹದಿನೇಳರೊಳಗಿನ ಹುಡುಗಿಯರ ವಿಶ್ವಕಪ್ಪಿಗೆ ಎರಡು ತಿಂಗಳೂ ಉಳಿದಿರಲಿಲ್ಲ. ಆಗಸ್ಟ್ 26ರಂದು ಅಮಾನತು ತೆರವಾಯಿತು, ಅಕ್ಟೋಬರ್ 11ರಂದು ಟೂರ್ನಿ ಇಲ್ಲಿಯೇ ಆರಂಭವಾಯಿತು.

ಪ್ರಶ್ನೆ: ಆತಿಥ್ಯ ಕೊಡುವಾಗಲೇ ಒಂದು ಮೀಸಲು ದೇಶವನ್ನೂ ಹೆಸರಿಸಿಟ್ಟರೆ ಈ ಪರದಾಟ ತಪ್ಪುವುದಿಲ್ಲವೇ?

ಉತ್ತರ: ತಪ್ಪುತ್ತದೆಂದೇ ನಾನು ನಂಬಿದ್ದೇನೆ. ಇದಕ್ಕೆ ಬರುವ ಮುಖ್ಯ ಆಕ್ಷೇಪ ಖರ್ಚಿನದು: ನಡೆಯದಿರಬಹುದಾದ ಟೂರ್ನಿಗಾಗಿ ಯಾವ ಸರ್ಕಾರ ತಾನೇ ಹಣ ತೆಗೆದಿಡುತ್ತದೆ? ಅದಕ್ಕಾಗಿಯೇ ಮೀಸಲು ದೇಶವೆಂದರೆ ಹೊಸದಾಗಿ ಕಟ್ಟಬೇಕಾದ ದೇಶವಾಗಿರಬಾರದು, ಆಗಲೇ ಕಟ್ಟಿ ಮುಗಿಸಿದ ದೇಶವಾಗಿರಬೇಕು. ಅದರ ಅಂಗಳಗಳನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ, ಸರ್ಕಾರದ ಭರವಸೆ ಪತ್ರಗಳನ್ನು ನವೀಕರಿಸಿಟ್ಟುಕೊಳ್ಳುವ ವೆಚ್ಚವನ್ನು ಆಯಾ ಖಂಡದ ಒಕ್ಕೂಟ ಭರಿಸಬಹುದು.

ಹಾಗೆ ಮಾಡದಿದ್ದರೆ ಒಂದು ಬದಲಾವಣೆ ಇನ್ನೊಂದನ್ನು ಎಳೆದು ತರುತ್ತದೆ. ಸಿದ್ಧತೆ ಮುಗಿಯದ ಕಾರಣ 2018ರ ನವೆಂಬರ್ ಕೊನೆಯಲ್ಲಿ ಕ್ಯಾಮರೂನ್‌ನಿಂದ 2019ರ ಆಫ್ರಿಕಾ ಕಪ್ಪನ್ನು ಕಿತ್ತುಕೊಂಡು, 2019ರ ಜನವರಿಯಲ್ಲಿ ಈಜಿಪ್ಟಿಗೆ ಕೊಟ್ಟರು. ಕ್ಯಾಮರೂನ್‌ಗೆ ಸಮಾಧಾನವಾಗಲೆಂದು 2021ರ ಕಪ್ಪನ್ನು ಅದಕ್ಕೆ ಕೊಡಲಾಯಿತು. ಅದನ್ನು ನಡೆಸಬೇಕಿದ್ದ ಐವರಿ ಕೋಸ್ಟ್ 2023ಕ್ಕೂ, 2023ರದನ್ನು ನಡೆಸಬೇಕಿದ್ದ ಗಿನಿ 2025ಕ್ಕೂ ಜರುಗಬೇಕಾಯಿತು. ಗಿನಿಯ ಸಿದ್ಧತೆಯೂ ಸಾಲದೆಂದು 2022ರಲ್ಲಿ ಅದರ ಕೈಯಿಂದಲೂ ಟೂರ್ನಿಯನ್ನು ತೆಗೆದುಕೊಳ್ಳಲಾಯಿತು. ಮರುವರ್ಷ ಬದಲಿ ದೇಶವಾಗಿ ಆಯ್ಕೆಯಾದದ್ದು, ಹಿಂದೆ ದಂಡನೆಗೆ ಒಳಗಾಗಿದ್ದ ಅದೇ ಮೊರಾಕೊ.